ಸೊರಬದ ಫ್ರೆಶರ್

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲೋ ಶಿವಮೊಗ್ಗದ ಯಾವುದಾದರೂ ಕಾಲೇಜಿನಲ್ಲೋ ಎಂಬಿಎ ಓದುವ ಸೊರಬ, ಶಿಕಾರಿಪುರದ ಕಡೆಯ ಹುಡುಗ ಎರಡನೇ ವರ್ಷಕ್ಕೆ ಬಂದನೆಂದರೆ ಜೆರಾಕ್ಸ್ ಅಂಗಡಿಯಲ್ಲೇ ಸಿಗುತ್ತಾನೆ. ಕೈಯಲ್ಲಿ ಪೆನ್‌ಡ್ರೈವ್, ಅದರೊಳಗೆ ಸೀನಿಯರ್ ದಾನ ಮಾಡಿದ ರೆಸ್ಯೂಮೆ. ಹೆಸರು, ಊರು, ಅಂಕ ಬದಲಾಯಿಸಿದರೆ ಮುಗಿಯಿತು. ಅವಸರದಲ್ಲಿ ಸೀನಿಯರ್‌ನ ತಂದೆ ಹೆಸರು ಹಾಗೇ ಉಳಿದುಬಿಡುವುದೂ ಉಂಟು.

ಮೇಲುಗಡೆ ಉದ್ದೇಶ: ಸವಾಲಿನ ವಾತಾವರಣದಲ್ಲಿ ಸಂಸ್ಥೆಯ ಏಳಿಗೆಗಾಗಿ ದುಡಿಯುವುದು. ಯಾವ ಸಂಸ್ಥೆ, ಎಂಥ ಸವಾಲು ಎಂದು ಕೇಳಬಾರದು. ಆಮೇಲೆ ನಾಯಕತ್ವ, ಟೀಮ್‌ವರ್ಕ್, ಬೇಗ ಕಲಿಯುವ ಶಕ್ತಿ. ಇಂಗ್ಲಿಷಿಗೆ ಐದರಲ್ಲಿ ನಾಲ್ಕು ನಕ್ಷತ್ರ. ಅನುಭವದ ಜಾಗದಲ್ಲಿ ಮಾತ್ರ ಒಂದೇ ಮಾತು, ಫ್ರೆಶರ್. ಕಟ್ಟಕಡೆಗೆ, ಮೇಲಿನದೆಲ್ಲ ಸತ್ಯವೆಂಬ ಪ್ರಮಾಣ.

ಪ್ಲೇಸ್‌ಮೆಂಟ್ ಮೇಷ್ಟ್ರು ಕೆಂಪು ಪೆನ್ನು ತೆಗೆಯುತ್ತಾರೆ. ಒಂದೇ ಪುಟ ಸಾಕು. ಹೊಸದು ಮೇಲೆ, ಹಳೆಯದು ಕೆಳಗೆ. ಗುಣಗಾನ ಬೇಡ, ಮಾಡಿದ ಕೆಲಸ ಬೇಕು, ಅಂಕಿ ಬೇಕು. ದೊಡ್ಡ ಕಂಪನಿಗಳಲ್ಲಿ ಮನುಷ್ಯರಿಗಿಂತ ಮೊದಲು ಸಾಫ್ಟ್‌ವೇರ್ ಓದುವುದುಂಟು; ಅದು ಹುಡುಕುವುದು ಜಾಹೀರಾತಿನಲ್ಲಿರುವ ಪದಗಳನ್ನು, ನಕ್ಷತ್ರಗಳನ್ನಲ್ಲ.

ಮಾಡಿದ ಕೆಲಸ ಬರೆದಿಡುವ ಈ ವಿದ್ಯೆ ಹುಡುಗನ ಸೀಮೆಗೆ ಹೊಸದೇನಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 5ನೇ ಶತಮಾನದ ಕಂಬಶಾಸನವಿದೆ. ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ರಚಿಸಿದ. ಕದಂಬ ರಾಜ್ಯ ಕಟ್ಟಿದ ಮಯೂರಶರ್ಮ ಗುರು ವೀರಶರ್ಮನ ಜತೆ ಕಂಚಿಯ ಘಟಿಕೆಗೆ ಓದಲು ಹೋದದ್ದು, ಪಲ್ಲವರ ಕುದುರೆ ಸವಾರನೊಡನೆ ಜಗಳವಾದದ್ದು, ದರ್ಭೆಯ ಕೈ ಕತ್ತಿ ಹಿಡಿದದ್ದು, ಗಡಿ ಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿದ್ದು, ಬೃಹದ್ಬಾಣರಿಂದ ಕಪ್ಪ ವಸೂಲು ಮಾಡಿದ್ದು ಎಲ್ಲವೂ ಅಲ್ಲಿದೆ. ಓದು ಅರ್ಧಕ್ಕೆ ನಿಂತ ಕಾರಣವನ್ನು ಇಷ್ಟು ಗಟ್ಟಿಯಾಗಿ ಹೇಳಿದ ಅಭ್ಯರ್ಥಿ ಮತ್ತೆ ಸಿಕ್ಕಿಲ್ಲವೇನೋ. ಅದೂ ಒಂದೇ ಕಂಬದಲ್ಲಿ!

“ರಜೆಯಲ್ಲಿ ಏನು ಮಾಡ್ತೀಯ?” ಎಂದು ಮೇಷ್ಟ್ರು ಕೆದಕುತ್ತಾರೆ.

“ಏನಿಲ್ಲ ಸರ್, ಮನೇಲೇ.”

ಮನೆಯಲ್ಲಿ ಅಪ್ಪನದು ಅಡಿಕೆ ಚೇಣಿ. ಮರದ ಮೇಲಿನ ಗೊನೆ ನೋಡಿಯೇ ಬೇರೆಯವರ ತೋಟದ ಫಸಲು ಅಂದಾಜು ಮಾಡಿ ಮುಂಗಡ ಕೊಡಬೇಕು. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡನ ಮರ್ಜಿ ಕಾಯಬೇಕು. ಸುಲಿಸಿ, ಬೇಯಿಸಿ, ಒಣಗಿಸಿ, ರಾಶಿ ಬೇರೆ, ಗೊರಬಲು ಬೇರೆ ಎಂದು ದರ್ಜೆ ಮಾಡಿ ಮಂಡಿಗೆ ಸಾಗಿಸಬೇಕು. ನಡುವೆ ಮಳೆ ಹಿಡಿದರೆ, ರೇಟು ಬಿದ್ದರೆ, ನಷ್ಟ ಚೇಣಿದಾರನದೇ. ಸುಲಿಯುವವರ ಲೆಕ್ಕ, ಬಟವಾಡೆ, ಮಂಡಿಯ ಚೀಟಿ ಎಲ್ಲ ಈ ‘ಏನಿಲ್ಲ’ದ ಹುಡುಗನ ಕೈಯಲ್ಲಿ. ರಿಸ್ಕ್ ಮ್ಯಾನೇಜ್‌ಮೆಂಟ್ ಕ್ಲಾಸಿನಲ್ಲಿ ಅವನು ನಿದ್ದೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡು, ಇದನ್ನೇ ಬರಿ, ಎಷ್ಟು ಕ್ವಿಂಟಾಲ್, ಎಷ್ಟು ಆಳು, ಎಷ್ಟು ಲಾಭ ಅಂತ ಬರಿ ಎನ್ನುತ್ತಾರೆ. ಹುಡುಗ ಉತ್ಸಾಹದಿಂದ ಊರಿಗೆ ಫೋನು ಮಾಡುತ್ತಾನೆ.

“ಎಷ್ಟಕ್ಕೆ ಹಿಡಿದ್ವಿ, ಎಷ್ಟಕ್ಕೆ ಕೊಟ್ವಿ ಅಂತೆಲ್ಲ ಬರಿಬ್ಯಾಡ ತಮಾ,” ಅಪ್ಪನ ದನಿ ತಗ್ಗುತ್ತದೆ. “ತೋಟದೋರ ಮಗನೂ ನಿನ್ನ ಕಾಲೇಜಲ್ಲೇ ಅದಾನೆ.”