ಜೀಪಿನ ಮಾವ

ಮಲೆನಾಡಿನ ಯಾವ ಊರಿಗೆ ಹೋದರೂ ಒಬ್ಬ ಜೀಪಿನ ಮಾವ ಸಿಗುತ್ತಾರೆ. ತೋಟದ ಮನೆಯ ಅಂಗಳ, ಎತ್ತಿಟ್ಟ ಬಾನೆಟ್ಟು, ಅದರೊಳಗೆ ಸೊಂಟದವರೆಗೆ ಮುಳುಗಿದ ಮಾವ. ನೀವು ಕಾಫಿ ಕುಡಿದು ಸುಮ್ಮನೆ ಹೊರಡಬಹುದಿತ್ತು. "ಏನಾಗಿದೆ ಮಾವ?" ಎಂದು ಕೇಳಿದಿರೋ, ಸಂಜೆಯ ಬಸ್ಸು ತಪ್ಪಿದಂತೆಯೇ.

"ಮಿಸ್ಸಿಂಗ್ ಹೊಡೀತಿದೆ ಮಾರಾಯ."

ಪಾಠ ಚರಿತ್ರೆಯಿಂದಲೇ ಶುರು. ಇದು ಎರಡನೇ ಮಹಾಯುದ್ಧಕ್ಕೆಂದು 1941ರಿಂದ 1945ರವರೆಗೆ ತಯಾರಾದ ವಿಲ್ಲೀಸ್. ಅಮೆರಿಕದ ಸೈನ್ಯದ ಕಡತದಲ್ಲಿ ಇದು 'ಕಾಲು ಟನ್ನಿನ ಟ್ರಕ್ಕು'. ಹಾಗಾಗಿ ಮಾವನ ಲೆಕ್ಕದಲ್ಲಿ ಅವರು ಲಾರಿ ಮಾಲೀಕರು. ನಾಲ್ಕು ಸಿಲಿಂಡರು, 60 ಕುದುರೆ ಶಕ್ತಿ. ಅಷ್ಟೂ ಕುದುರೆಗಳು ಒಟ್ಟಿಗೆ ಲಾಯ ಬಿಟ್ಟು ಹೊರಟಿದ್ದನ್ನು ಅತ್ತೆ ಇನ್ನೂ ಕಂಡಿಲ್ಲ.

ಆಮೇಲೆ ಪ್ಲಗ್ ವೈರು. "ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಸಿಕ್ಕಿಸಿದ್ಯೋ, ಕೆಟ್ಟೆ. ಇದರ ಪಂಕ್ತಿನೇ ಬೇರೆ. ಮೊದಲು ಒಂದನೇ ಎಲೆಗೆ ಬಡಿಸ್ಬೇಕು, ಆಮೇಲೆ ಮೂರಕ್ಕೆ, ನಾಲ್ಕಕ್ಕೆ, ಕೊನೆಗೆ ಎರಡಕ್ಕೆ. ಬಡಿಸೋನು ಡಿಸ್ಟ್ರಿಬ್ಯೂಟರಿನ ರೋಟರು. ಅವನು ಗಡಿಯಾರಕ್ಕೆ ಉಲ್ಟಾ ಸುತ್ತುತ್ತಾನೆ." 1-3-4-2 ಮಾವನಿಗೆ ನಿದ್ದೆಯಲ್ಲೂ ಬಾಯಿಪಾಠ. ಮಕ್ಕಳಲ್ಲಿ ಯಾರ ಹಿಂದೆ ಯಾರು ಹುಟ್ಟಿದ್ದು ಎಂಬುದಕ್ಕೆ ಮಾತ್ರ ಅತ್ತೆಯನ್ನು ಕೇಳಬೇಕು.

ಮಡಿ ಮೈಲಿಗೆಯೂ ಉಂಟು. ವೈರನ್ನು ಹಿಡಿದು ಎಳೆಯಬಾರದು, ತುದಿಯ ರಬ್ಬರ್ ಟೋಪಿ ಹಿಡಿದು ತಿರುಚಿ ತೆಗೆಯಬೇಕು. ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಾಗಬಾರದು. ಒಂದರ ಬೆನ್ನಿಗೊಂದು ಉರಿಯುವ 3 ಮತ್ತು 4ರ ವೈರುಗಳನ್ನು ಜೊತೆಗೂಡಿಸಿ ಕಟ್ಟಬಾರದು, ಒಂದರ ಕರೆಂಟು ಇನ್ನೊಂದಕ್ಕೆ ನುಸುಳೀತು. ಎಲ್ಲಕ್ಕಿಂತ ಮುಖ್ಯ, ನಾಲ್ಕನ್ನೂ ಒಮ್ಮೆಗೇ ಕೀಳಬಾರದು, ಒಂದನ್ನು ತೆಗೆದು ಆ ಜಾಗಕ್ಕೆ ಹೊಸದು ಹಾಕಿದ ಮೇಲೆಯೇ ಇನ್ನೊಂದು. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ನಾಲ್ಕೂ ವೈರು ಮಾವನ ಕೈಯಲ್ಲಿರುತ್ತವೆ.

ಮತ್ತೆ ಸಿಕ್ಕಿಸಿ ಸ್ಟಾರ್ಟ್ ಮಾಡಿದರೆ ಕಾರ್ಬೊರೇಟರಿನಿಂದ 'ಢಂ' ಎಂದು ಬ್ಯಾಕ್‌ಫೈರ್. ಹಲಸಿನ ಮರದ ಮಂಗಗಳು ಪಕ್ಕದ ತೋಟಕ್ಕೆ.

"ನೋಡಿದ್ಯಾ ಪವರ್ರು!"

ಮಳೆಗಾಲ ಬಂತೆಂದರೆ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂರುತ್ತದೆ. ಆಗ ಕ್ಯಾಪು ಒಲೆದಂಡೆಯಲ್ಲಿ ಹಪ್ಪಳದ ಪಕ್ಕ ಒಣಗುತ್ತದೆ. ರಾತ್ರಿ ದೀಪ ಆರಿಸಿ ಎಂಜಿನ್ ಓಡಿಸಿ, ಬಿರಿದ ವೈರಿನಿಂದ ಹಾರುವ ನೀಲಿ ಕಿಡಿಯನ್ನು ನೆಂಟರಿಗೆಲ್ಲ ತೋರಿಸುವುದುಂಟು. ಕಳೆದ ಸಲ ಬೆಂಗಳೂರಿನ ಅಳಿಯ ಬೆರಳು ಚಾಚಿ "ಇದಾ ಮಾವ?" ಎಂದ. ಸಾವಿರಾರು ವೋಲ್ಟು. ಅವನು ಎಗರಿ ಬಿದ್ದದ್ದು ಕಂಡು ಮಾವನಿಗೆ ಸಮಾಧಾನ. "ಕಾಯಿಲ್ ಚೆನ್ನಾಗಿದೆ ಹಂಗಾದ್ರೆ."

ಸುಧಾರಿಸಿಕೊಂಡ ಅಳಿಯ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿ ಎಂದ. "ಪದೇ ಪದೇ ಕೆಡೋದಿಲ್ಲ ಮಾವ."

ಮಾವ ಅವನನ್ನು ಕನಿಕರದಿಂದ ನೋಡಿದರು. "ಕೆಡದೇ ಇದ್ರೆ ದಿನವಿಡೀ ನಾನೇನು ಮಾಡ್ಲಿ?"

ಹೊಸ ವೈರು ತರಲು ಚಿಕ್ಕಮಗಳೂರಿಗೆ ಮಾವ ಹೋಗುವುದು ಬಸ್ಸಿನಲ್ಲಿ. ಕಂಡಕ್ಟರು ಜಾಗ ಬಿಡಿಸಿಕೊಟ್ಟು ವಿಚಾರಿಸುತ್ತಾನೆ, "ಜೀಪು ಹೆಂಗಿದೆ ಗೌಡ್ರೇ?"

"ಫಸ್ಟ್ ಕ್ಲಾಸ್ ಕಂಡೀಷನ್ನು ಮಾರಾಯ. ಒಂದು ಚಿಕ್ಕಮಗಳೂರು ಕೊಡು."