ಖಾಲಿಜೇಬಿನ ಶರನ್ಮೀಮಾಂಸೆ

ಅಥಾತೋ ಜೇಬುಜಿಜ್ಞಾಸಾ. ಇನ್ನು ಮುಂದೆ ಜೇಬಿನ ವಿಚಾರ ಎಂಬುದು ಈ ಶಾಸ್ತ್ರದ ಮೊದಲ ಸೂತ್ರ. ಇನ್ನು ಮುಂದೆ ಎಂದಮೇಲೆ ಅದಕ್ಕೆ ಮೊದಲು ಏನೋ ಆಗಿಹೋಗಿರಬೇಕು ತಾನೆ? ಆಗಿಹೋಗಿದೆ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಬಂದು ಸೀರೆ ಕೊಡಿಸಿದಳು. ಭಾದ್ರಪದದಲ್ಲಿ ಗೌರಿ ಬಂದು ಬಾಗಿನ ಕೊಡಿಸಿದಳು. ಅವಳ ಮಗ ಕಡುಬು ತಿಂದು ನೀರಿಗಿಳಿದ. ಪಿತೃಪಕ್ಷದಲ್ಲಿ ಹಿರಿಯರು ವಡೆ-ಪಾಯಸದ ಹಳೇ ಬಾಕಿ ಚುಕ್ತಾ ಮಾಡಿಸಿಕೊಂಡರು. ಇಷ್ಟಾದ ಮೇಲೆ ಯಜಮಾನ ಜೇಬಿಗೆ ಕೈಹಾಕಿದರೆ ಸಿಗುವುದು ಜೇಬಿನ ಬಟ್ಟೆ ಮಾತ್ರ. ಸರಿಯಾಗಿ ಆ ಹೊತ್ತಿಗೆ ಆಶ್ವಯುಜದ ಪಾಡ್ಯ ಬರುತ್ತದೆ, ಶರದೃತು ಹೊಸ್ತಿಲು ದಾಟುತ್ತದೆ. ಇದು ಕಾಕತಾಳೀಯವಲ್ಲ, ಋತುಚಕ್ರವನ್ನು ರೂಪಿಸಿದವನೂ ಸಂಬಳದಾರನೇ ಇರಬೇಕು ಎಂಬುದು ನಮ್ಮ ಪಕ್ಷ.

ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಸಂಬಳ ಬಂದ ಮೂರನೇ ದಿನ ಸಾಲದ ಕಂತು ಕಡಿತವಾದ ಮೆಸೇಜು ಪಡೆದವನು. ಹಬ್ಬದ ಬೋನಸ್ ಬಂದವರು, ಸಾಲುರಜೆಗೆ ಕೊಡಗಿನ ರೆಸಾರ್ಟು ಕಾದಿರಿಸಿದವರು ಅನಧಿಕಾರಿಗಳು. ಅವರು ಬೇರೆ ಶಾಸ್ತ್ರ ನೋಡಿಕೊಳ್ಳಲಿ. ಪ್ರಯೋಗಕ್ಷೇತ್ರ ಮೈಸೂರು. ಪ್ರಯೋಜನ, ಮೋಕ್ಷವಲ್ಲದಿದ್ದರೂ ಅದಕ್ಕೆ ಸಮೀಪದ್ದು: ಸಾಲ ಮಾಡದೆ ಕಾರ್ತಿಕ ಮುಟ್ಟುವುದು.

ಮೊದಲು ಕಾಲನಿರ್ಣಯ. ಶರತ್ತೆಂದರೆ ಮೋಡವಿಲ್ಲದ ಆಕಾಶ, ತಿಳಿನೀರು, ಹಾಲಿನಂಥ ಬೆಳದಿಂಗಳು ಎಂದು ಕವಿಗಳೆಲ್ಲ ಒಕ್ಕೊರಲಿನಿಂದ ಹೇಳುತ್ತಾರೆ. 'ಋತುಸಂಹಾರ'ದಲ್ಲಿ ಕಾಳಿದಾಸ ಇದಕ್ಕೆ ಒಂದು ಪೂರ್ತಿ ಸರ್ಗವನ್ನೇ ಮೀಸಲಿಟ್ಟ. ಕವಿಗುರುವಿನ ಮೇಲೆ ಗೌರವವಿಟ್ಟುಕೊಂಡೇ ಹೇಳಬೇಕು, ಅವನಿಗೆ ಹಸ್ತ ಮತ್ತು ಚಿತ್ತಾ ಮಳೆಗಳ ಪರಿಚಯ ಇದ್ದಂತಿಲ್ಲ. ಹಳೇ ಮೈಸೂರು ಸೀಮೆಯಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವ ತಿಂಗಳುಗಳಲ್ಲಿ ಅಕ್ಟೋಬರೂ ಒಂದು. ಬೆಳಿಗ್ಗೆ ಕಾವ್ಯದ ಪ್ರಕಾರ ನಡೆದುಕೊಂಡ ಆಕಾಶ ಸಂಜೆ ನಾಲ್ಕಕ್ಕೆ ಪಂಚಾಂಗದ ಪ್ರಕಾರ ಗುಡುಗುತ್ತದೆ. ಆದ್ದರಿಂದ ಶರದ್ವಿಲಾಸಕ್ಕೆ ಬೇಕಾದ ಏಕೈಕ ಸಲಕರಣೆ ಹಳೆಯ ಕೊಡೆ. ಕ್ಯಾಲೆಂಡರಿನಲ್ಲಿ ವಿದೇಶದ ಕೆಂಪು ಎಲೆ ನೋಡಿ ಇಲ್ಲೂ ಎಲೆ ಉದುರೀತೆಂದು ಕಾದು ಕೂತವರಿಗೆ ಒಂದು ಮಾತು. ನಮ್ಮ ಮರಗಳಿಗೆ ಆ ತರಾತುರಿ ಇಲ್ಲ, ಶಿಶಿರದವರೆಗೆ ಕಾಯಿರಿ.

ಈಗ ಗಜಪ್ರಕರಣ.

ಪೂರ್ವಪಕ್ಷಿ ಕೇಳುತ್ತಾನೆ: "ಶರತ್ತಿನ ಶಿಖರವೆಂದರೆ ಜಂಬೂಸವಾರಿ. ಅರಮನೆಯೊಳಗೆ ಕುರ್ಚಿಯಲ್ಲಿ ಕೂತು ನೋಡಲು ಗೋಲ್ಡ್ ಕಾರ್ಡು ಬೇಕು. ಅದಕ್ಕೆ ಕೆಲವು ಸಾವಿರ ರೂಪಾಯಿ ಬೇಕು. ಸಾವಿರವಿಲ್ಲದವನು ಬೆಳಿಗ್ಗೆಯೇ ಸಯ್ಯಾಜಿರಾವ್ ರಸ್ತೆಯ ಫುಟ್‌ಪಾತಿನಲ್ಲಿ ಚಾಪೆ ಹಾಕಿ, ಸಂಜೆ ಮುಂದಿನವನ ತಲೆ ನೋಡಿ ಎದ್ದುಬರುತ್ತಾನೆ. ಎಲ್ಲಿದೆ ನಿಮ್ಮ ವಿಲಾಸ?"

ಸಿದ್ಧಾಂತಿಯ ಉತ್ತರ: ಆನೆಗಳು ಒಂದೇ ದಿನ ನಡೆಯುತ್ತವೆಂದು ನಿನಗೆ ಹೇಳಿದವರಾರು? ಅವು ಕಾಡಿನಿಂದ ಬರುವುದೇ ಹಬ್ಬಕ್ಕೆ ಎಷ್ಟೋ ವಾರ ಮೊದಲು. ಬಂದಮೇಲೆ ಸುಮ್ಮನಿರುವುದಿಲ್ಲ. ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ದಾರಿಯಲ್ಲಿ ತಾಲೀಮು ನಡೆಸುತ್ತವೆ. ಅದೇ ಆನೆ, ಅದೇ ರಸ್ತೆ, ಅದೇ ಗಾಂಭೀರ್ಯ. ವ್ಯತ್ಯಾಸವಿಷ್ಟೇ: 750 ಕಿಲೋ ತೂಗುವ ಚಿನ್ನದ ಅಂಬಾರಿ, ಅದರಲ್ಲಿ ತಾಯಿ ಚಾಮುಂಡೇಶ್ವರಿ ಇರಬೇಕಾದ ಬೆನ್ನ ಮೇಲೆ ಮೊದಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ. ಮೂಟೆಯಲ್ಲಿ ಅಂಬಾರಿಯನ್ನು ಕಾಣುವುದು ವೇದಾಂತಿಗೆ ಕಷ್ಟವಲ್ಲ. ಹಗ್ಗದಲ್ಲಿ ಹಾವನ್ನು ಕಂಡವರಲ್ಲವೇ ನಾವು? ಟಿಕೆಟ್ಟಿಲ್ಲ, ಪಾಸಿಲ್ಲ, ಲಾಠಿಯಿಲ್ಲ. ಹಾಲು ತರಲು ಹೋದವನು ಎದುರು ಅಂಬಾರಿ ಆನೆಯನ್ನೇ ನೋಡಿ, ಕೈಮುಗಿದು, ಹಾಲು ತಂದು, ಕಾಫಿ ಕುಡಿಯಬಹುದು. ಕಿವಿಗೂ ಹಬ್ಬವುಂಟು. ಸದ್ದಿಗೆ ಆನೆ-ಕುದುರೆಗಳು ಬೆದರದಿರಲೆಂದು ಮುಂಚಿತವಾಗಿ ಕುಶಾಲತೋಪು ಹಾರಿಸುತ್ತಾರೆ. ಅದನ್ನು ಮನೆಯಲ್ಲಿ ಮಲಗಿಯೇ ಕೇಳಬಹುದು, ಕೇಳದಿರಲು ಸಾಧ್ಯವೇ ಇಲ್ಲ.

ಈ ಪ್ರಕರಣ ಮುಗಿಸುವ ಮುನ್ನ ಒಂದು ಉಪಾಖ್ಯಾನ. ಶರದೃತುವನ್ನು ಕಾಸು ಬಿಚ್ಚದೆ ಅನುಭವಿಸುವುದರಲ್ಲಿ ನಿಜವಾದ ಆಚಾರ್ಯರು ಆನೆಗಳೇ. ಬಂದ ಕೂಡಲೇ ಅವನ್ನು ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ನಿಲ್ಲಿಸಿ ತೂಕ ನೋಡುತ್ತಾರೆ. ಆಮೇಲೆ ಮುದ್ದೆ, ಬೆಲ್ಲ, ಕಾಯಿ, ಭತ್ತವನ್ನು ಹುಲ್ಲಿನಲ್ಲಿ ಸುತ್ತಿದ ಕುಸುರೆ ಎಂದು ಉಪಚಾರ ನಡೆಯುತ್ತದೆ. ಮತ್ತೆ ತೂಗಿದಾಗ ನೂರಾರು ಕಿಲೋ ಏರಿಸಿಕೊಂಡ ಶಿಷ್ಯೋತ್ತಮರು ಕಾಣಸಿಗುತ್ತಾರೆ. ಮೈಸೂರಿನಲ್ಲಿ ತಿಂಗಳುಗಟ್ಟಲೆ ಇದ್ದು, ಒಂದು ಪೈಸೆ ಖರ್ಚು ಮಾಡದೆ, ದಪ್ಪಗಾಗಿ ಊರಿಗೆ ಮರಳುವುದು ಅವಕ್ಕೆ ಬಿಟ್ಟರೆ ಅಳಿಯಂದಿರಿಗೆ ಮಾತ್ರ ಸಾಧ್ಯ.

ದೀಪಪ್ರಕರಣದಲ್ಲಿ ಹೇಳಲು ಹೆಚ್ಚಿಲ್ಲ. ಸಂಜೆ ಅರಮನೆಯ ಸುಮಾರು 1 ಲಕ್ಷ ಬಲ್ಬುಗಳು ಒಟ್ಟಿಗೇ ಹೊತ್ತಿಕೊಳ್ಳುತ್ತವೆ. ನೋಡುವವನ ಮೀಟರು ಓಡುವುದಿಲ್ಲ. ಮನೆಯ ದೀಪವಾರಿಸಿ ಬಂದವನಿಗೆ ಅಷ್ಟರಮಟ್ಟಿಗೆ ಲಾಭವೇ. ಆದರೆ ಇಲ್ಲಿ ಪೂರ್ವಪಕ್ಷಿ ಒಂದು ಒಳ್ಳೆಯ ಪ್ರಶ್ನೆ ಎತ್ತುತ್ತಾನೆ: "ಆ ಕರೆಂಟಿನ ಬಿಲ್ಲು ಯಾರದು?" ಅವನ ಬಾಯಿ ಮುಚ್ಚಿಸಲು ಈ ಶಾಸ್ತ್ರದ ಎರಡನೇ ಸೂತ್ರ ಹುಟ್ಟಿತು: ಖರ್ಚು ಅವಿನಾಶಿ. ಅದಕ್ಕೆ ಹುಟ್ಟಿಲ್ಲ, ಸಾವಿಲ್ಲ. ಹಳೆಯ ಜೇಬನ್ನು ಬಿಟ್ಟು ಹೊಸ ಜೇಬನ್ನು ಸೇರುತ್ತದೆ, ಅಷ್ಟೇ. ಪುಕ್ಕಟೆ ಎಂಬುದು ಮಾಯೆ. ಪುಕ್ಕಟೆ ಕಂಡಲ್ಲೆಲ್ಲ ಕಾಣದ ಒಂದು ಜೇಬು ಇದ್ದೇ ಇರುತ್ತದೆಂದು ಊಹಿಸತಕ್ಕದ್ದು.

ಈ ಸೂತ್ರದ ನಿಜವಾದ ಪರೀಕ್ಷೆ ನಡೆಯುವುದು ಗೊಂಬೆಪ್ರಕರಣದಲ್ಲಿ. ಮೀಮಾಂಸಕರಲ್ಲಿ ಅರ್ಥಾಪತ್ತಿ ಎಂಬ ಪ್ರಮಾಣವುಂಟು. ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ. ಅಂದಮೇಲೆ ರಾತ್ರಿ ಉಣ್ಣುತ್ತಿರಬೇಕು. ಶತಮಾನಗಳಿಂದ ಇದೇ ಉದಾಹರಣೆ. ಅವನು ರಾತ್ರಿ ಎಲ್ಲಿ ಉಣ್ಣುತ್ತಾನೆಂದು ಮಾತ್ರ ಯಾವ ಮೀಮಾಂಸಕನೂ ವಿಚಾರಿಸಲಿಲ್ಲ. ನಾವು ವಿಚಾರಿಸಿದ್ದೇವೆ. ಅದು ನವರಾತ್ರಿ, ದೇವದತ್ತನ ಮನೆ ಕುವೆಂಪುನಗರ. ಸಂಜೆಯಾದರೆ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಎಂದು ಬೀದಿಯ ಮನೆಮನೆಗೆ ಹೋಗಿ ಗೊಂಬೆ ಚರ್ಪು ಸಂಗ್ರಹಿಸುತ್ತಾರೆ. ಹೆಂಡತಿಗೆ ಅರಿಶಿನ-ಕುಂಕುಮದ ಕರೆ. ದೇವದತ್ತನಿಗೆ ಕರೆಯಿಲ್ಲ, ಅವನು ಸ್ಕೂಟರಿನ ಸಾರಥಿ, ಗೇಟಿನಾಚೆ ನಿಲ್ಲತಕ್ಕವನು. ಆದರೆ "ನಿಮ್ಮೆಜಮಾನ್ರಿಗೂ ಕೊಡಿ" ಎಂಬ ಮಾತಿನೊಡನೆ ಒಂದು ಡಬ್ಬಿ ಹೊರಬರುತ್ತದೆ. ಒಂದು ದಿನ ಕಡಲೆಕಾಳಿನ ಉಸಲಿ, ಇನ್ನೊಂದು ದಿನ ಹೆಸರುಕಾಳಿನದು, ಮತ್ತೊಂದು ದಿನ ಕೋಸಂಬರಿ. ಆ ಮನೆಯಲ್ಲಿ ಒಂಬತ್ತು ರಾತ್ರಿ ಒಲೆ ಹಚ್ಚಲಿಲ್ಲ, ದೇವದತ್ತ ಮಾತ್ರ ದಪ್ಪಗೇ ಇದ್ದಾನೆ. ಪ್ರಮಾಣ ಸಿದ್ಧಿಸಿತು.

ಹಾಗಾದರೆ ಕಾಣದ ಜೇಬು ಯಾವುದು? ಇಲ್ಲಿ ಭಾಷ್ಯಕಾರರು ಗಂಟಲು ಸರಿಪಡಿಸಿಕೊಂಡು ಮುಂದಿನ ಪುಟಕ್ಕೆ ಹೋಗುವ ಸಂಪ್ರದಾಯವಿದೆ. ನಾವು ಹೋಗುವುದಿಲ್ಲ. ಆ ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿದ ಕೈ ಒಂದುಂಟು. ಮಧ್ಯಾಹ್ನ ತುರಿಮಣೆಯ ಮುಂದೆ ಕೂತು, ಚಿನ್ನದೊಡನೆ ಪೈಪೋಟಿಗಿಳಿದಿರುವ ಬೆಲೆಯ ತೆಂಗಿನಕಾಯಿ ತುರಿದವಳು ಅವಳೇ. ಅಟ್ಟದಿಂದ ಪಟ್ಟದ ಗೊಂಬೆ ಇಳಿಸಿ, ಧೂಳು ಒರೆಸಿ, ಮೆಟ್ಟಿಲು ಜೋಡಿಸಿ, ಬಂದವರಿಗೆಲ್ಲ ನಗುಮುಖದಿಂದ ಅದೇ ಕಥೆ ಹೇಳಿದವಳೂ ಅವಳೇ. ಮನೆಯ ಬಜೆಟ್ಟಿನ ಪುಸ್ತಕದಲ್ಲಿ ಇದಕ್ಕೆ ಕಾಲಮ್ಮೇ ಇಲ್ಲ. ಕಾಲಮ್ಮಿಲ್ಲದ್ದಕ್ಕೆ ಗಂಡಸರು 'ಖರ್ಚಿಲ್ಲದ ಹಬ್ಬ' ಎಂದು ಹೆಸರಿಟ್ಟರು. ಎರಡನೇ ಸೂತ್ರದ ಪ್ರಕಾರ ಇದು ಶುದ್ಧ ಅಪಸಿದ್ಧಾಂತ. ಅವಳು ಮಾತ್ರ ಈ ಸೂತ್ರವನ್ನು ಓದದೆಯೂ ಬಲ್ಲಳು. ಬಂದ ಡಬ್ಬಿಯನ್ನು ಎಂದೂ ಖಾಲಿಯಾಗಿ ಹಿಂದಿರುಗಿಸುವುದಿಲ್ಲ, ಏನಿಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಾಳೆ.

ಉಳಿದ ಪ್ರಕರಣಗಳು ಚಿಕ್ಕವು. ಚಿನ್ನ ಕೊಳ್ಳಬೇಕೆನ್ನಿಸಿದರೆ ವಿಜಯದಶಮಿಯಂದು ಉತ್ತರ ಕರ್ನಾಟಕದ ಸ್ನೇಹಿತರ ಮನೆಗೆ ಹೋಗತಕ್ಕದ್ದು. ಬನ್ನಿ ಎಲೆ ಕೈಗಿಟ್ಟು "ಬಂಗಾರ ತಗೊಂಡು ಬಂಗಾರದ್ಹಂಗ ಇರ್ರಿ" ಎನ್ನುತ್ತಾರೆ. ಮೇಕಿಂಗ್ ಚಾರ್ಜಿಲ್ಲ, ಜಿಎಸ್‌ಟಿ ಇಲ್ಲ; ಬ್ಯಾಂಕಿನವರು ಅಡವಿಗೆ ಒಪ್ಪುವುದಿಲ್ಲ ಎಂಬುದೊಂದೇ ಕೊರತೆ. ಸೀಗೆ ಹುಣ್ಣಿಮೆಗೆ ತಾರಸಿಯಲ್ಲಿ ಬೆಳದಿಂಗಳೂಟ: ಮನೆಯ ಮೊಸರನ್ನವೇ, ಮೆಟ್ಟಿಲು ಹತ್ತಿದ ಮಾತ್ರಕ್ಕೆ ವಿಲಾಸವಾಗುತ್ತದೆ. ಚಿತ್ತಾ ಮಳೆ ಹಿಡಿದುಕೊಂಡರೆ ಅದೇ ಮೊಸರನ್ನ ಮೆಟ್ಟಿಲಿಳಿದು ಮತ್ತೆ ಮೊಸರನ್ನವಾಗುತ್ತದೆ. ಕಾರ್ತಿಕದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿದ್ದರೆ ಕಡಲೆಕಾಯಿ ಪರಿಷೆ. ಒಂದೊಂದು ಗುಡ್ಡೆಯಲ್ಲೂ ಎರಡೆರಡು ಕಾಯಿ ಬಿಡಿಸಿ ರುಚಿ ನೋಡುವುದು ಶಾಸ್ತ್ರಸಮ್ಮತ. ಆದರೆ ದಾರಿಯ ಕೊನೆಗೆ ಹೊಟ್ಟೆ ತುಂಬಿದವನು ಅರ್ಧ ಸೇರನ್ನಾದರೂ ಕೊಳ್ಳದಿದ್ದರೆ ಅವನು ರಸಿಕನಲ್ಲ, ಇಲಿ.

ಕೊನೆಗೆ ಪ್ರಾಯಶ್ಚಿತ್ತವಿಧಿ. ಒಂಬತ್ತು ಮನೆಯ ಉಸಲಿ ತಿಂದ ಗೃಹಸ್ಥನು ಮುಂದಿನ ನವರಾತ್ರಿಯಲ್ಲಿ ಒಂದು ದಿನ ತಾನೇ ಕಾಳು ನೆನೆಹಾಕಿ, ಕಾಯಿ ತುರಿದು, ಬೀದಿಯ ಮಕ್ಕಳಿಗೆಲ್ಲ ಚರ್ಪು ಹಂಚತಕ್ಕದ್ದು. ತುರಿಯಲು ಬಾರದವನು ಪಾತ್ರೆ ತೊಳೆಯತಕ್ಕದ್ದು. ಇದಕ್ಕೆ ವಿಕಲ್ಪವಿಲ್ಲ, ಅಪವಾದವಿಲ್ಲ, ಸ್ಕೂಟರು ಓಡಿಸಿದ್ದು ಲೆಕ್ಕಕ್ಕಿಲ್ಲ.