ಡ್ರಾಯರ್ ಸಾಧನೆ

ಮನಸ್ಸು ಕದಡಿದೆಯೇ? ಇಡೀ ಮನೆ ಗುಡಿಸುವ ಉಸಾಬರಿ ಬೇಡ, ಒಂದು ಡ್ರಾಯರ್ ಸಾಕು. ಹತ್ತು ನಿಮಿಷ, ಒಂದೇ ಮೂಲೆ, ಶಾಂತಿ ಗ್ಯಾರಂಟಿ. ಈಗಿನ ಕಾಲದ ಉಪದೇಶ ಇದು. ಕಾಶಿಗೆ ಹೋದರೂ ಸಿಗದಿದ್ದದ್ದು ಟಿವಿ ಸ್ಟ್ಯಾಂಡಿನ ಕೆಳಗೆ ಬಗ್ಗಿದರೆ ಸಿಗುತ್ತದಂತೆ.

ಈ ದೀಕ್ಷೆಯನ್ನು ಬಲು ಶ್ರದ್ಧೆಯಿಂದ ಪಡೆದವರು ಮನೆ ಯಜಮಾನರು. ಭಾನುವಾರ ಎರಡನೇ ಕಾಫಿ ಮುಗಿಸಿ, ಒಂದು ಡ್ರಾಯರನ್ನು ಪೂರ್ತಿ ಎಳೆದು ದಿವಾನಿನ ಮೇಲೆ ಬೋರಲು ಹಾಕುತ್ತಾರೆ. ಸಣ್ಣ ಪಿನ್ನಿನ ನೋಕಿಯಾ ಚಾರ್ಜರ್, ನಿಂತ ವಾಚು, ಯಾವ ಬೀಗಕ್ಕೂ ಸೇರದ ಬೀಗದ ಕೈಗಳ ಗೊಂಚಲು, ಧರ್ಮಸ್ಥಳದ ಕುಂಕುಮದ ಪೊಟ್ಟಣ, ಮುಗಿದ ರೀಫಿಲ್ಲು. ಒಂದೊಂದನ್ನೂ ಎತ್ತಿ, ತಿರುಗಿಸಿ, 'ಇರಲಿ' ಎಂದು ಪಕ್ಕಕ್ಕಿಡುತ್ತಾರೆ. ಕುಂಕುಮ ಎಸೆದರೆ ಪಾಪ. ಚಾರ್ಜರ್ ಎಸೆದ ಮೇಲೆ ಆ ಫೋನು ಎಲ್ಲಾದರೂ ಸಿಕ್ಕಿಬಿಟ್ಟರೆ? ಕೊನೆಗೆ ಕಸದ ಬುಟ್ಟಿ ಸೇರುವುದು ಆ ರೀಫಿಲ್ಲು, ಮತ್ತು ಹೆಂಡತಿ ಯುಗಾದಿಯಿಂದ ಹುಡುಕುತ್ತಿದ್ದ ಮಿಕ್ಸಿಯ ವಾರಂಟಿ ಕಾರ್ಡು.

ಡ್ರಾಯರಿನ ಫೋಟೋ ಫ್ಯಾಮಿಲಿ ಗ್ರೂಪಿಗೆ ಹೋಗುತ್ತದೆ: 'ಮನಸ್ಸು ಹಗುರಾಯಿತು.' ಭಾವಮೈದುನ ಕೈ ಮುಗಿಯುತ್ತಾನೆ, ಚಿಕ್ಕಮ್ಮ ಹೂವು ಕಳಿಸುತ್ತಾರೆ. ಒಳಗಿನಿಂದ ಮಾತ್ರ ಒಂದು ಪ್ರಶ್ನೆ: "ರೀ, ಅದರಲ್ಲಿದ್ದದ್ದನ್ನೆಲ್ಲ ಎಲ್ಲಿಟ್ರಿ?"

"ಡೈನಿಂಗ್ ಟೇಬಲ್ ಮೇಲಿದೆ, ಆಮೇಲೆ ನೋಡೋಣ ಬಿಡೇ."

ಈ ವಿದ್ಯೆಯ ಜಗದ್ಗುರು ಜಪಾನಿನ ಮೇರಿ ಕೊಂಡೊ. 2019ರ ಜನವರಿಯಲ್ಲಿ ಆಕೆಯ ನೆಟ್‌ಫ್ಲಿಕ್ಸ್ ಸರಣಿ ಬಂದು, ಲೋಕವೇ ಬಟ್ಟೆ ಮಡಿಸಲು ಕೂತಿತು. ವಸ್ತುವನ್ನು ಕೈಯಲ್ಲಿ ಹಿಡಿಯಿರಿ, ಸಂತೋಷ ಉಕ್ಕಿದರೆ ಇಟ್ಟುಕೊಳ್ಳಿ, ಇಲ್ಲವಾದರೆ ಧನ್ಯವಾದ ಹೇಳಿ ಕಳಿಸಿಕೊಡಿ. ತೆಂಗಿನಕಾಯಿ ತುರಿಯುವ ಮಣೆ ಹಿಡಿದು ಈ ಪರೀಕ್ಷೆ ಮಾಡಿ ನೋಡಿ. ಸಂತೋಷವಂತೂ ಉಕ್ಕದು, ಆದರೆ ದೋಸೆಗೆ ಚಟ್ನಿ ಬೇಕಲ್ಲ! ಮನೆ ಖಾಲಿ ಮಾಡಿಸಿದ ಅದೇ ವರ್ಷದ ನವೆಂಬರಿನಲ್ಲಿ ಆಕೆ ಆನ್‌ಲೈನ್ ಅಂಗಡಿಯನ್ನೂ ತೆರೆದರು. ಶಾಲೆಯ ಲ್ಯಾಬಿನಲ್ಲಿ ಬಡಿಯುತ್ತಿದ್ದೆವಲ್ಲ, ಆ ಟ್ಯೂನಿಂಗ್ ಫೋರ್ಕು, ಜೊತೆಗೊಂದು ಸ್ಫಟಿಕ, ಬೆಲೆ 75 ಡಾಲರ್. ಖಾಲಿಯಾದ ಜಾಗ ಖಾಲಿಯೇ ಇದ್ದರೆ ವ್ಯಾಪಾರ ನಡೆಯುವುದು ಹೇಗೆ? ಮೂರನೇ ಮಗುವಾದ ಮೇಲೆ, 2023ರಲ್ಲಿ, ಈ ಅಚ್ಚುಕಟ್ಟನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದೇನೆ ಎಂದು ಆಕೆಯೇ ಹೇಳಿಕೊಂಡರು. ಆ ಒಂದು ಮಾತಿಗಾಗಿ ನನಗೆ ಆಕೆಯ ಮೇಲೆ ಗೌರವವಿದೆ. ಮೂರು ಮಕ್ಕಳ ತಾಯಿಗೆ ಅರ್ಥವಾದದ್ದು ಶಿಷ್ಯಕೋಟಿಗೆ ಇನ್ನೂ ಆಗಿಲ್ಲ.

ವಿಜ್ಞಾನವೂ ಇದೆ, ಇಲ್ಲವೆನ್ನುವಂತಿಲ್ಲ. ಲಾಸ್ ಏಂಜಲೀಸ್‌ನಲ್ಲಿ ಇಬ್ಬರೂ ದುಡಿಯುವ ದಂಪತಿಗಳನ್ನು ಆರಿಸಿ, ಜೊಲ್ಲಿನಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನನ್ನು ಅಳೆದಿದ್ದರು. 2010ರಲ್ಲಿ ಪ್ರಕಟವಾದ ಫಲಿತಾಂಶ: ತಮ್ಮ ಮನೆಯನ್ನು ಗಲೀಜು, ಅರೆಬರೆ ಎಂದು ಬಣ್ಣಿಸಿದ ಹೆಂಡತಿಯರಲ್ಲಿ, ಸಂಜೆಗೆ ಇಳಿಯಬೇಕಾದ ಆ ಹಾರ್ಮೋನು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಅಂಥ ನಂಟೇನೂ ಕಾಣಲಿಲ್ಲ. ಮನೆ ಹರಡಿಕೊಂಡಿದೆ ಎಂಬ ಸುದ್ದಿ ಅವರ ಜೊಲ್ಲಿಗೆ ಇನ್ನೂ ತಲುಪಿರಲಿಲ್ಲ.

ನಮ್ಮ ದೇಶದ ಲೆಕ್ಕವೂ ಉಂಟು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. ಅದೂ ಕೈ ಹಚ್ಚಿದ ಗಂಡಸರ ಸರಾಸರಿ. ಹಾಗೆ ಕೈ ಹಚ್ಚಿದವರು ನೂರಕ್ಕೆ 26 ಮಂದಿ. ಡ್ರಾಯರ್ ಬೋರಲು ಹಾಕಿದ ಹೊತ್ತೂ ಆ 97ರಲ್ಲಿ ಸೇರಿದೆಯೋ ಏನೋ. ಹತ್ತು ನಿಮಿಷ ಜೋಡಿಸಿದವರಿಗೆ ಇಷ್ಟು ಶಾಂತಿಯಾದರೆ, 299 ನಿಮಿಷದವರು ಈ ಹೊತ್ತಿಗೆ ನೆಲದಿಂದ ಒಂದು ಮೊಳ ಮೇಲಕ್ಕೆದ್ದು ತೇಲುತ್ತಿರಬೇಕಿತ್ತು. ಅವರು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಾರೆ. ಯಜಮಾನರು ಕೆಲಸವನ್ನು ಆರಿಸಿಕೊಂಡ ಜಾಣತನ ನೋಡಿ: ಡ್ರಾಯರ್ ಒಮ್ಮೆ ಜೋಡಿಸಿದರೆ ದಸರೆವರೆಗೆ ಹಾಗೇ ಇರುತ್ತದೆ, ಸಿಂಕು ಹನ್ನೊಂದು ಗಂಟೆಯ ಕಾಫಿಯವರೆಗೂ ನಿಲ್ಲುವುದಿಲ್ಲ. ತೊಳೆದ ಸಿಂಕಿನ ಫೋಟೋ ಯಾವ ಗ್ರೂಪಿಗೂ ಬಂದದ್ದಿಲ್ಲ.

ಇನ್ನೂ ಮುಂದುವರಿದ ಮನೆಗಳಲ್ಲಿ ಡ್ರಾಯರ್ ದಾಟಿ 'ಶಾಂತಿಯ ಮೂಲೆ' ತಯಾರಾಗಿದೆ. ಅಲ್ಲಿದ್ದ ಹೊಲಿಗೆ ಮಿಷನ್ನು ಅಟ್ಟ ಸೇರಿದೆ. ಫೈಬರಿನ ಬುದ್ಧ, ಪಿಂಗಾಣಿ ಕುಂಡದಲ್ಲೊಂದು ಗಿಡ, ಒಂದು ಚಾಪೆ. ಬುದ್ಧನ ಕಿವಿಯ ಧೂಳು ಒರೆಸುವುದು, ಗಿಡಕ್ಕೆ ನೀರು ಹಾಕುವುದು ಕೆಲಸದ ಹೆಂಗಸಿನ ಪಾಲಿಗೆ. ಅದಕ್ಕೇನೂ ಸಂಬಳ ಹೆಚ್ಚಿಲ್ಲ, ಪುಟ್ಟ ಮೂಲೆ ತಾನೇ! ಯಜಮಾನರು ಕಣ್ಣು ಮುಚ್ಚಿ ಉಸಿರನ್ನು ಗಮನಿಸುತ್ತಿರುವಾಗ ಆಕೆ ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಬರುತ್ತಾಳೆ.

"ಸಾರ್, ಒಸಿ ಕಾಲೆತ್ತಿ."

ಕಣ್ಣು ತೆರೆಯದೆಯೇ ಎತ್ತುತ್ತಾರೆ. ಸಮೀಕ್ಷೆಯವರು ಮತ್ತೆ ಬಂದರೆ ಇದನ್ನೂ ಮನೆಗೆಲಸದ ಲೆಕ್ಕಕ್ಕೆ ಬರೆಸಬಹುದು.